ಹಂಗಿಲ್ಲದ ಕೊಡುಗೆ

ಎಣ್ಣೆ ಗಿರಣಿಯಿಂದ ಕಂಪ್ಯೂಟರಿಗೆ, ಅಲ್ಲಿಂದ ಸರಕಾರಿ ಶಾಲೆಗೆ, ಮುಂದೆ ಪತ್ರಿಕೋದ್ಯಮದ ಬೆನ್ನಿಗೆ: ಅಜೀಂ ಪ್ರೇಮ್‌ಜಿ ಅವರ ಬದುಕನ್ನು ಡಿವಿಜಿ, ಮಾಸ್ತಿ ಹುಟ್ಟಿದ ಕೋಲಾರದ ನೆಲದಲ್ಲಿ ನಿಂತು ನೋಡಿದರೆ ಏನು ಕಾಣುತ್ತದೆ?

ಮುಳಬಾಗಿಲಿನಲ್ಲೋ ಶ್ರೀನಿವಾಸಪುರದಲ್ಲೋ ಯಾವುದೇ ಸರಕಾರಿ ಶಾಲೆಗೆ ಮಧ್ಯಾಹ್ನದ ಹೊತ್ತಿಗೆ ಹೋದರೆ ಬಿಸಿಯೂಟದ ತಟ್ಟೆಯಲ್ಲಿ ಅನ್ನ, ಸಾಂಬಾರಿನ ಪಕ್ಕ ಒಂದು ಬೇಯಿಸಿದ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು. ವಾರದ ಆರೂ ದಿನ ಇದು ಸಿಗುತ್ತದೆ. ಅದರಲ್ಲಿ ಎರಡು ದಿನದ ಖರ್ಚು ರಾಜ್ಯ ಸರಕಾರದ್ದು, ಉಳಿದ ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನದು. 2024ರಲ್ಲಿ ಸರಕಾರದೊಂದಿಗೆ ಮಾಡಿಕೊಂಡ ಒಪ್ಪಂದದಂತೆ, ಮೂರು ವರ್ಷಗಳಲ್ಲಿ ರಾಜ್ಯದ ಸುಮಾರು 55 ಲಕ್ಷ ಮಕ್ಕಳ ಮೊಟ್ಟೆಗಾಗಿ ಫೌಂಡೇಷನ್ ತೆಗೆದಿಟ್ಟ ಹಣ 1,500 ಕೋಟಿ ರೂಪಾಯಿ.

ಈ ಮೊಟ್ಟೆಯ ಸುದ್ದಿ ಎಲ್ಲರಿಗೂ ಗೊತ್ತು. ಅದೇ ಮನುಷ್ಯನ ಹಣ 2015ರಿಂದ ಇನ್ನೊಂದು ಕಡೆಗೂ ಹರಿಯುತ್ತಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಯಾರ ಮುಲಾಜಿಗೂ ಬೀಳದೆ ಸುದ್ದಿ ಮಾಡಬೇಕೆಂದು ಹೊರಟ ಸಣ್ಣ ಸುದ್ದಿಸಂಸ್ಥೆಗಳಿಗೆ ಅದು ಹೋಗುತ್ತದೆ. ಮಕ್ಕಳ ಹಸಿವಿಗೆ ಕೊಟ್ಟ ಹಣವನ್ನು ನಾಡು ಕೈಮುಗಿದು ಸ್ವೀಕರಿಸುತ್ತದೆ. ಸುದ್ದಿಗೆ ಕೊಟ್ಟ ಹಣಕ್ಕೆ ಅಂಥ ಸ್ವಾಗತ ಇರುವುದಿಲ್ಲ, ಕೊಟ್ಟವರು ಕೆಲವೊಮ್ಮೆ ಅದಕ್ಕೆ ಬೆಲೆಯನ್ನೂ ತೆರಬೇಕಾಗುತ್ತದೆ. ಆದರೂ ಈ ಎರಡನೆಯ ಕೊಡುಗೆ ಮೊದಲನೆಯದಕ್ಕಿಂತ ಸಣ್ಣದಲ್ಲ. ಇದನ್ನು ಹೇಳಲು ಕೋಲಾರಕ್ಕಿಂತ ತಕ್ಕ ಜಾಗವೂ ಇಲ್ಲ. ಪತ್ರಿಕೆ ಯಾರ ಹಣದಲ್ಲಿ ನಡೆಯಬೇಕು, ಯಾರ ಹಣವನ್ನು ಮುಟ್ಟಬಾರದು ಎಂದು ನೂರು ವರ್ಷದ ಹಿಂದೆಯೇ ತಲೆ ಕೆಡಿಸಿಕೊಂಡ ಮನುಷ್ಯ ಮುಳಬಾಗಿಲಿನಲ್ಲಿ ಹುಟ್ಟಿದ್ದರು.

ಅಮಳ್‌ನೇರಿನ ಗಿರಣಿ

ಅಜೀಂ ಪ್ರೇಮ್‌ಜಿ ಹುಟ್ಟಿದ್ದು 1945ರ ಜುಲೈ 24ರಂದು, ಮುಂಬೈಯಲ್ಲಿ. ತಂದೆ ಮೊಹಮದ್ ಹಾಶಂ ಪ್ರೇಮ್‌ಜಿ ಅಕ್ಕಿಯ ದೊಡ್ಡ ವ್ಯಾಪಾರಿ. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳ್‌ನೇರ್ ಎಂಬ ಊರಿನಲ್ಲಿ ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಎಂಬ ಕಂಪನಿ ಕಟ್ಟಿದರು. ಸುತ್ತಲಿನ ರೈತರು ಬೆಳೆದ ಕಡಲೆಕಾಯಿಯಿಂದ ಎಣ್ಣೆ ತೆಗೆದು ಡಾಲ್ಡಾದಂಥ ವನಸ್ಪತಿ ಮಾಡಿ ಮಾರುವುದು ಅದರ ಕೆಲಸ. ಉಳಿದದ್ದರಲ್ಲಿ ಬಟ್ಟೆ ಸೋಪು ತಯಾರಾಗುತ್ತಿತ್ತು.

ತಾಯಿ ಗುಲ್‌ಬಾನೂ ಪ್ರೇಮ್‌ಜಿ ವೈದ್ಯೆ. ಪೋಲಿಯೊ ಮತ್ತಿತರ ಕಾರಣಗಳಿಂದ ಕೈಕಾಲು ಸ್ವಾಧೀನ ತಪ್ಪಿದ ಮಕ್ಕಳಿಗಾಗಿ ಮುಂಬೈಯಲ್ಲಿ ಆಸ್ಪತ್ರೆ ಕಟ್ಟಿ, ಅದಕ್ಕೆ ಹಣ ಹೊಂದಿಸುತ್ತ ದಶಕಗಳ ಕಾಲ ನಡೆಸಿದವರು. ತಮ್ಮ ಮೇಲೆ ಬಹಳ ಪ್ರಭಾವ ಬೀರಿದವರು ತಾಯಿ ಎಂದು ಮಗ ಮುಂದೆ ಮತ್ತೆಮತ್ತೆ ಹೇಳಿದ್ದಾರೆ. ತಂದೆಯಿಂದ ಬಂದದ್ದು ಕಂಪನಿ. ಆ ಕಂಪನಿಯಲ್ಲಿ ಹುಟ್ಟಿದ ಹಣ ಕೊನೆಗೆ ಯಾವ ದಾರಿ ಹಿಡಿಯಬೇಕು ಎಂಬ ಅರಿವು ತಾಯಿಯ ಆಸ್ಪತ್ರೆಯಿಂದ ಬಂತು.

1966ರ ಆಗಸ್ಟಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಾಗ ಅಜೀಂ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. ವಯಸ್ಸು 21. ಓದನ್ನು ಅರ್ಧಕ್ಕೆ ಬಿಟ್ಟು ಬಂದು ಗಿರಣಿಯ ಹೊಣೆ ಹೊತ್ತರು. ಉಳಿದ ಪಾಠಗಳನ್ನು ಮುಗಿಸಿ ಆ ಪದವಿ ಪಡೆಯುವ ಹೊತ್ತಿಗೆ ಮೂರು ದಶಕ ಕಳೆದಿತ್ತು. ಷೇರುದಾರರ ಮೊದಲ ಸಭೆಯಲ್ಲೇ ಒಬ್ಬರು ಎದ್ದು ನಿಂತು, ಈ ಹುಡುಗನ ಕೈಲಿ ಕಂಪನಿ ನಡೆಸಲು ಆಗದು, ಬೇರೆಯವರಿಗೆ ಮಾರಿಬಿಡಲಿ ಎಂದರಂತೆ. ಆಗ ಕಡಲೆಕಾಯಿ ಖರೀದಿ ನಡೆಯುತ್ತಿದ್ದುದು ಕಣ್ಣಂದಾಜು, ಕೈಯಂದಾಜಿನಲ್ಲಿ. ಕಾಯನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ಬೆಲೆ ಹೇಳುವ ಆ ರೂಢಿಯನ್ನು ಬಿಡಿಸಿ, ಮಾದರಿ ತೆಗೆದು, ತೂಗಿ, ಅಳೆದು ಕೊಳ್ಳುವ ಪದ್ಧತಿ ತಂದರು. ಮಂಡಿಯ ವ್ಯವಹಾರ ಕಂಡ ಕೋಲಾರದ ರೈತರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಅಳತೆ ಇದ್ದಲ್ಲಿ ವಾದಕ್ಕೆ ಜಾಗ ಕಡಿಮೆ, ಮೋಸಕ್ಕೆ ಇನ್ನೂ ಕಡಿಮೆ.

ಎಣ್ಣೆಯಿಂದ ಕಂಪ್ಯೂಟರಿಗೆ

ಹತ್ತು ವರ್ಷ ಕಳೆಯುವಷ್ಟರಲ್ಲಿ ಕಂಪನಿ ಎಣ್ಣೆಯ ಜೊತೆಗೆ ಸೋಪು, ಹೈಡ್ರಾಲಿಕ್ ಸಿಲಿಂಡರುಗಳಿಗೂ ಕೈಹಾಕಿತ್ತು. 1977ರಲ್ಲಿ ಹೆಸರೂ ಬದಲಾಗಿ ವಿಪ್ರೊ ಎಂದಾಯಿತು. ಆ ಹೊತ್ತಿಗೇ ದೇಶದ ಕಂಪ್ಯೂಟರ್ ಲೋಕದಲ್ಲಿ ಒಂದು ತೆರವು ಉಂಟಾಯಿತು. ಭಾರತದ ಅಂಗಸಂಸ್ಥೆಯಲ್ಲಿ ವಿದೇಶಿ ಪಾಲು ಇಳಿಸಬೇಕೆಂಬ ನಿಯಮವನ್ನು ಒಪ್ಪದ ಐಬಿಎಂ ದೇಶ ಬಿಟ್ಟು ಹೋಯಿತು. ಬ್ಯಾಂಕು, ಕಾರ್ಖಾನೆ, ಸರಕಾರಿ ಕಚೇರಿಗಳಿಗೆ ಕಂಪ್ಯೂಟರ್ ಬೇಕು, ಮಾಡಿಕೊಡುವವರು ಇಲ್ಲ. ಹೊರಗಿನಿಂದ ತರಿಸುವುದಕ್ಕೆ ಕಟ್ಟುನಿಟ್ಟಿನ ಲೈಸೆನ್ಸ್.

ಪ್ರೇಮ್‌ಜಿ ಆ ಜಾಗಕ್ಕೆ ಕಾಲಿಟ್ಟರು. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಪ್ರೊ ಎಂಜಿನಿಯರುಗಳು ಇಂಟೆಲ್ 8086 ಚಿಪ್ ಆಧಾರದ ಮಿನಿಕಂಪ್ಯೂಟರನ್ನು ರೂಪಿಸಿದರು. ಆ ದಶಕವಿಡೀ ವಿಪ್ರೊ ದೇಶದ ಕಂಪ್ಯೂಟರ್ ತಯಾರಕರ ಮುಂಚೂಣಿಯಲ್ಲಿ ನಿಂತಿತು. 1991ರಲ್ಲಿ ಮಾರುಕಟ್ಟೆ ತೆರೆದು ವಿದೇಶಿ ಯಂತ್ರಗಳು ಬಂದಾಗ, ಯಂತ್ರ ಮಾಡಲು ಕಲಿತ ಎಂಜಿನಿಯರುಗಳನ್ನೇ ಸಾಫ್ಟ್‌ವೇರ್ ಸೇವೆಗೆ ತಿರುಗಿಸಿತು. 2000ದ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಯಲ್ಲಿ ಹೆಸರು ದಾಖಲಾಯಿತು. 53 ವರ್ಷ ನಡೆಸಿ 2019ರ ಜುಲೈನಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಟ್ಟಾಗ, ಹಿಂದಿನ ಹಣಕಾಸು ವರ್ಷದಲ್ಲಿ ವಿಪ್ರೊದ ವರಮಾನ 58 ಸಾವಿರ ಕೋಟಿ ರೂಪಾಯಿ ದಾಟಿತ್ತು.

ಯಶಸ್ವಿ ಉದ್ಯಮಿಗಳ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಪ್ರೇಮ್‌ಜಿ ಅವರ ಬದುಕಿನಲ್ಲಿ ಇದು ಮೊದಲ ಅರ್ಧ ಮಾತ್ರ.

ಕೆರೆಗೆ ಬಿಟ್ಟ ಕೊಡಗಿ

2001ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೆಲಸ ಆರಂಭಿಸಿತು. 2010ರಲ್ಲಿ ಸುಮಾರು 8,846 ಕೋಟಿ ರೂಪಾಯಿ ಮೌಲ್ಯದ ಷೇರುಗಳನ್ನು ಪ್ರೇಮ್‌ಜಿ ಅದಕ್ಕೆ ಬರೆದುಕೊಟ್ಟರು. 2013ರಲ್ಲಿ, ಸಂಪತ್ತಿನ ಅರ್ಧಕ್ಕಿಂತ ಹೆಚ್ಚನ್ನು ಸಮಾಜಕ್ಕೆ ಕೊಡುತ್ತೇವೆಂದು ಜಗತ್ತಿನ ಸಿರಿವಂತರು ಸಹಿ ಹಾಕುವ ‘ಗಿವಿಂಗ್ ಪ್ಲೆಜ್’ಗೆ ಸಹಿ ಹಾಕಿದ ಮೊದಲ ಭಾರತೀಯರಾದರು. 2019ರ ಮಾರ್ಚಿನಲ್ಲಿ ವಿಪ್ರೊದ ಇನ್ನೂ ಶೇಕಡಾ 34 ಷೇರುಗಳ ಫಲವನ್ನು, ಅಂದಿನ ಬೆಲೆಯಲ್ಲಿ 52,750 ಕೋಟಿ ರೂಪಾಯಿಯಷ್ಟನ್ನು, ದತ್ತಿಗೆ ಸೇರಿಸಿದರು. ಅಲ್ಲಿಗೆ ದತ್ತಿಯ ಒಟ್ಟು ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ ಆಯಿತು.

ಇಷ್ಟು ದೊಡ್ಡ ಅಂಕಿ ಕೇಳಿದಾಗ ಯಾರೋ ಚೆಕ್ ಬರೆದುಕೊಟ್ಟ ಚಿತ್ರ ಮನಸ್ಸಿಗೆ ಬರುತ್ತದೆ. ಇಲ್ಲಿ ನಡೆದದ್ದು ಬೇರೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಸಂಗ್ರಹಿಸಿದ್ದಾರೆ. ಕೆರೆ ಕಟ್ಟಿದವರಿಗೆ, ಹೂಳೆತ್ತಿ ಏರಿ ಕಾಯುವವರಿಗೆ ಕೆರೆಯ ಕೆಳಗಿನ ಗದ್ದೆಯನ್ನು ಕೊಡಗಿಯಾಗಿ ಬಿಡುತ್ತಿದ್ದ ರೂಢಿ ಇಂಥ ಶಾಸನಗಳಿಂದ ತಿಳಿದುಬರುತ್ತದೆ. ಗದ್ದೆಯ ಫಸಲಿನಿಂದ ವರ್ಷವರ್ಷವೂ ಕೆರೆಯ ರಿಪೇರಿ ನಡೆಯುತ್ತಿತ್ತು. ಕೊಟ್ಟ ದೊರೆಯೇ ಮನಸ್ಸು ಬದಲಿಸಿ ಅದನ್ನು ಕಿತ್ತುಕೊಳ್ಳಬಾರದೆಂದು ಶಾಪದ ಮಾತೂ ಕಲ್ಲಿನ ಕೊನೆಗೆ ಸೇರುತ್ತಿತ್ತು. ಪ್ರೇಮ್‌ಜಿ ಮಾಡಿದ್ದು ಈ ಬಗೆಯ ವ್ಯವಸ್ಥೆ. ವಿಪ್ರೊ ತನ್ನ ಷೇರುದಾರರಿಗೆ ಹಂಚುವ ಪ್ರತಿ 100 ರೂಪಾಯಿ ಲಾಭಾಂಶದಲ್ಲಿ ಸುಮಾರು 67 ರೂಪಾಯಿಯ ಫಲ ದತ್ತಿಯ ಕೆಲಸಕ್ಕೆ ಹೋಗುವಂತೆ ಆಯಿತು. ಅದನ್ನು ಮರಳಿ ಪಡೆಯುವ ಹಕ್ಕನ್ನು ಅವರು ತಮಗೇ ಇಲ್ಲದಂತೆ ಮಾಡಿಕೊಂಡರು.

ಕೊಡುವವರ ಗುಣ ತಿಳಿಯುವುದು ಈ ಕೊನೆಯ ಅಂಶದಲ್ಲಿ. ಎಷ್ಟು ಕೊಟ್ಟರು ಎಂಬುದಕ್ಕಿಂತ, ಕೊಟ್ಟ ಮೇಲೆ ಎಷ್ಟು ಹಿಡಿತ ಉಳಿಸಿಕೊಂಡರು ಎಂಬುದು ದೊಡ್ಡ ಪ್ರಶ್ನೆ.

ಮಾಲೂರಿನ ಮಗ್ಗುಲಲ್ಲಿ

ಈ ಹಣದ ಬಹುಪಾಲು ಹೋದದ್ದು ಸರಕಾರಿ ಶಾಲೆಗಳ ಕಡೆಗೆ. ತಮ್ಮದೇ ಹೆಸರಿನ ಭವ್ಯ ಶಾಲೆಗಳನ್ನು ಕಟ್ಟಿ ಆಯ್ದ ಮಕ್ಕಳನ್ನು ಸೇರಿಸಿಕೊಳ್ಳುವ ಸುಲಭದ ದಾರಿ ಎದುರಿಗಿತ್ತು. ಫೌಂಡೇಷನ್ ಹೆಚ್ಚು ಒತ್ತು ಕೊಟ್ಟಿದ್ದು ಬೇರೆ ಕಡೆಗೆ. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ನೆಲೆ ನಿಂತು, ಸರಕಾರಿ ಶಾಲೆಯ ಮೇಷ್ಟ್ರು, ಮೇಡಂಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡುವ ದಾರಿ ಹಿಡಿಯಿತು. ಫಲ ನಿಧಾನ, ಫೋಟೋಕ್ಕೆ ಸಿಗುವಂಥದ್ದು ಕಡಿಮೆ. ಆದರೆ ಬಡವರ ಮಕ್ಕಳು ಇರುವುದು ಅಲ್ಲಿಯೇ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ 2010ರಲ್ಲಿ ರಾಜ್ಯದ ಶಾಸನದ ಮನ್ನಣೆ ಸಿಕ್ಕಿತು. ಅದರ ಇಂದಿನ ಆವರಣ ಇರುವುದು ಸರ್ಜಾಪುರದ ಬಳಿಯ ಬುರುಗುಂಟೆ ಗ್ರಾಮದಲ್ಲಿ. ಸರ್ಜಾಪುರದಿಂದ ಈಶಾನ್ಯಕ್ಕೆ ಹೊರಟರೆ ಸಿಗುವ ಮೊದಲ ಪಟ್ಟಣ ಮಾಲೂರು. ಆ ಸಂಸ್ಥೆಯ ಒಂದು ಕೆಲಸ ಕನ್ನಡಿಗರಿಗೆ ನೇರವಾಗಿ ಸಲ್ಲುವಂಥದ್ದು. ಇತಿಹಾಸ, ಅರ್ಥಶಾಸ್ತ್ರ, ಶಿಕ್ಷಣದ ಗಂಭೀರ ಓದಿನ ಸಾಮಗ್ರಿಯನ್ನು ಕನ್ನಡ, ಹಿಂದಿಗಳಿಗೆ ಅನುವಾದಿಸಿ ‘ಅನುವಾದ ಸಂಪದ’ ಎಂಬ ಹೆಸರಿನಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಕೋಲಾರದ ಕಾಲೇಜಿಗೆ ಬಂದು, ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ ಎಂದು ಕಂಗೆಡುವ ವಿದ್ಯಾರ್ಥಿಗೆ ಇದು ದೊಡ್ಡ ಆಸರೆ.

ಸರಕಾರಿ ಶಾಲೆಯಲ್ಲಿ ಹತ್ತನೆಯ ತರಗತಿ, ಪಿಯುಸಿ ಮುಗಿಸಿ ಪದವಿ ಅಥವಾ ಡಿಪ್ಲೊಮಾಕ್ಕೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ವಿದ್ಯಾರ್ಥಿವೇತನ ಈಚಿನದು. 2025–26ರಲ್ಲಿ ಅದು ಕರ್ನಾಟಕವೂ ಸೇರಿ 18 ರಾಜ್ಯಗಳಿಗೆ ವಿಸ್ತರಿಸಿತು. ಶ್ರೀನಿವಾಸಪುರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಓದುವ ಹುಡುಗಿಯ ಮನೆಯಲ್ಲಿ, ಮಾವಿಗೆ ಬೆಲೆ ಬಿದ್ದ ವರ್ಷ ಮೊದಲು ನಿಲ್ಲುವುದು ಅವಳ ಓದು. ವರ್ಷಕ್ಕೆ 30 ಸಾವಿರ ಎಂದರೆ ಬಸ್ ಪಾಸು, ಫೀಸು, ಪುಸ್ತಕದ ಖರ್ಚಿಗೆ ಅಪ್ಪನ ಮುಂದೆ ಕೈ ಚಾಚಬೇಕಿಲ್ಲ ಎಂದು ಅರ್ಥ. ಅವಳ ಮದುವೆಯ ಮಾತು ಒಂದಷ್ಟು ವರ್ಷ ಮುಂದಕ್ಕೆ ಹೋಗುತ್ತದೆ ಎಂದೂ ಅರ್ಥ.

ಮೊಟ್ಟೆಯ ವಿಷಯದಲ್ಲಿ ತೊಡಕುಗಳಿಲ್ಲವೆಂದಲ್ಲ. ಒಂದು ಮೊಟ್ಟೆಗೆ ಕೊಳ್ಳುವುದರಿಂದ ಸುಲಿಯುವವರೆಗೆ ಸೇರಿ ನಿಗದಿಯಾದದ್ದು 6 ರೂಪಾಯಿ. ಪೇಟೆಯಲ್ಲಿ ಬೆಲೆ ಏರಿದಾಗ ವ್ಯತ್ಯಾಸವನ್ನು ತುಂಬುವವರು ಯಾರು ಎಂದು ಮುಖ್ಯಶಿಕ್ಷಕರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ ಅದು. ಅದಕ್ಕಿಂತ ಮೂಲದ ಪ್ರಶ್ನೆಯೂ ಇದೆ. ಮಕ್ಕಳ ಊಟ ಸರಕಾರದ ಹೊಣೆ. ದಾನಿಯೊಬ್ಬರು ಇದ್ದಾರೆಂದು ಆ ಹೊಣೆ ಕರಗಿಹೋಗಬಾರದು. ಒಪ್ಪಂದದ ಮೂರು ವರ್ಷ ಮುಗಿದ ಮೇಲೂ ವಾರಕ್ಕೆ ಆರು ಮೊಟ್ಟೆ ತಟ್ಟೆಯಲ್ಲಿ ಇರುವಂತೆ ಮಾಡುವುದು ವಿಧಾನಸೌಧದ ಕೆಲಸ, ಅದನ್ನು ಕೇಳಿ ಪಡೆಯುವುದು ನಮ್ಮ ಕೆಲಸ. ಕೇಳುವುದಕ್ಕೆ ಸುದ್ದಿ ಗೊತ್ತಿರಬೇಕು.

ಸುದ್ದಿಗೂ ಖರ್ಚಿದೆ

2015ರಲ್ಲಿ ಬೆಂಗಳೂರಿನಲ್ಲಿ ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಷನ್ ಎಂಬ ಟ್ರಸ್ಟ್ ಹುಟ್ಟಿತು. ಸ್ವತಂತ್ರವಾಗಿ, ಸಾರ್ವಜನಿಕ ಹಿತಕ್ಕಾಗಿ ಸುದ್ದಿ ಮಾಡುವ ಸಂಸ್ಥೆಗಳಿಗೆ ಅನುದಾನ ಕೊಡುವುದೊಂದೇ ಅದರ ಉದ್ದೇಶ. ಹಣ ಕೊಟ್ಟವರಲ್ಲಿ ಪ್ರೇಮ್‌ಜಿ ಅವರ ದತ್ತಿ ಸಂಸ್ಥೆ ಪ್ರಮುಖವಾದದ್ದು. ರೋಹಿಣಿ ನಿಲೇಕಣಿ, ಕಿರಣ್ ಮಜುಂದಾರ್ ಷಾ ಅವರಂಥ ಬೆಂಗಳೂರಿನ ಇತರ ದಾನಿಗಳೂ ಜೊತೆಗೂಡಿದರು. ರೋಹಿಣಿ ಅವರು ತಾವೇ ಪತ್ರಕರ್ತೆಯಾಗಿ ದುಡಿದವರು, ಆ ಕೆಲಸದ ಕಷ್ಟ ಬಲ್ಲವರು.

ಟ್ರಸ್ಟ್ ಕಟ್ಟಿದ ಬಗೆಯನ್ನು ಗಮನಿಸಬೇಕು. ಒಬ್ಬ ಸಿರಿವಂತ ಪತ್ರಿಕೆಯನ್ನೇ ಕೊಂಡುಕೊಂಡರೆ ಸಂಪಾದಕ ಅವನ ನೌಕರ. ಇಲ್ಲಿ ಹಾಗಲ್ಲ. ಹಣ ಕೊಟ್ಟವರು ಒಂದು ಕಡೆ, ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಟ್ರಸ್ಟಿಗಳು ಇನ್ನೊಂದು ಕಡೆ. ಹಿರಿಯ ಸಂಪಾದಕ ಟಿ.ಎನ್. ನೈನನ್, ನಟ ಹಾಗೂ ನಿರ್ದೇಶಕ ಅಮೋಲ್ ಪಾಲೇಕರ್ ಅವರಂಥವರು ಆ ಮಂಡಳಿಯಲ್ಲಿ ಕುಳಿತರು. ಅನುದಾನ ಪಡೆದ ಸಂಸ್ಥೆ ಏನು ಬರೆಯಬೇಕು, ಏನು ಬಿಡಬೇಕು ಎಂಬ ವಿಷಯದಲ್ಲಿ ಕೊಟ್ಟವರ ಮಾತು ನಡೆಯುವಂತಿಲ್ಲ. ಸರಕಾರಿ ಅಂಕಿಅಂಶಗಳನ್ನು ಬಗೆದು ನೋಡುವ ಇಂಡಿಯಾಸ್ಪೆಂಡ್, ಸುಳ್ಳುಸುದ್ದಿಯ ಬೆನ್ನುಹತ್ತುವ ಆಲ್ಟ್ ನ್ಯೂಸ್, ಅಧಿಕಾರಸ್ಥರನ್ನು ಬಿಡದೆ ಪ್ರಶ್ನಿಸುವ ದಿ ವೈರ್ ಮೊದಲಾದವು ಈ ನೆರವಿನಿಂದ ಕಾಲೂರಿದವು.

ಈ ನೆರವಿನ ಅಗತ್ಯ ಏನಿತ್ತು? ಪತ್ರಿಕೆಯ ಹಣಕಾಸು ಎಂದೂ ಓದುಗರ ಜೇಬಿನಿಂದ ಪೂರ್ತಿ ಬಂದದ್ದಲ್ಲ. ಪತ್ರಿಕೆಗೆ ನಾವು ಕೊಡುವ ಬೆಲೆ ಅದರ ಕಾಗದ, ಮಸಿ, ಸಾಗಣೆಯ ಖರ್ಚಿಗೇ ಸಾಲದು. ಉಳಿದದ್ದನ್ನು ತುಂಬಿಕೊಡುತ್ತಿದ್ದುದು ಜಾಹೀರಾತು. ಆ ಜಾಹೀರಾತಿನ ದೊಡ್ಡ ಪಾಲು ಗೂಗಲ್, ಫೇಸ್‌ಬುಕ್ಕುಗಳ ಕಡೆಗೆ ಸರಿದುಹೋಯಿತು. ಉಳಿದದ್ದರಲ್ಲಿ ಸರಕಾರದ ಜಾಹೀರಾತೇ ಬಹಳ ಸಣ್ಣ ಪತ್ರಿಕೆಗಳ ಉಸಿರು. ಅದು ಕೊಡುವವರ ಕೈಯಲ್ಲಿರುವ ಹಗ್ಗವೂ ಹೌದು. ಹೀಗಿರುವಾಗ ತಿಂಗಳುಗಟ್ಟಲೆ ಕಡತ ಹುಡುಕಿ, ಹಳ್ಳಿ ಸುತ್ತಿ ಬರೆಯುವ ಒಂದು ತನಿಖಾ ವರದಿಯ ಖರ್ಚನ್ನು ಯಾರು ಕೊಡಬೇಕು?

ಪ್ರೇಮ್‌ಜಿ ಈ ಪ್ರಶ್ನೆಗೆ ತಮ್ಮ ಕೈಲಾದ ಉತ್ತರ ಕೊಟ್ಟರು. ಅವರದೇ ವಿಶ್ವವಿದ್ಯಾಲಯದ ನಡೆಯೂ ಇದೇ ಜಾಡಿನದು. 2016ರಿಂದ 2018ರ ನಡುವೆ ಸುಮಾರು 50 ಲಕ್ಷ ಗಂಡಸರ ಉದ್ಯೋಗ ಹೋಯಿತೆಂದು ಅಲ್ಲಿನ ಸಂಶೋಧಕರು ತಮ್ಮ ವರದಿಯಲ್ಲಿ ಹೇಳಿದ್ದು 2019ರ ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ. ಯಾರಿಗೂ ಹಿತವಾಗದ ಅಂಕಿ ಅದು, ಆದರೂ ಹೊರಬಂತು. 2022ರ ಸೆಪ್ಟೆಂಬರಿನಲ್ಲಿ ಆದಾಯ ತೆರಿಗೆ ಇಲಾಖೆಯ ಅಧಿಕಾರಿಗಳು ಬೆಂಗಳೂರಿನಲ್ಲಿ ಈ ಮಾಧ್ಯಮ ಟ್ರಸ್ಟಿನ ಕಚೇರಿಗೆ ‘ಸರ್ವೆ’ಗೆ ಬಂದರು. ಅನ್ನ ಬಡಿಸಿದವರ ಮನೆಬಾಗಿಲಿಗೆ ಹೂಮಾಲೆ ಬರುತ್ತದೆ, ಪ್ರಶ್ನೆ ಕೇಳುವವರಿಗೆ ನೆರವಾದವರ ಬಾಗಿಲಿಗೆ ಲೆಕ್ಕ ಕೇಳುವವರು ಬರುತ್ತಾರೆ. ಇದು ತಿಳಿದೂ ಕೊಡುವುದಕ್ಕೆ ಗಟ್ಟಿ ಮನಸ್ಸು ಬೇಕು.

ಡಿವಿಜಿಯ ಊರು, ಮಾಸ್ತಿಯ ಊರು

ಮುಳಬಾಗಿಲಿನಲ್ಲಿ 1887ರ ಮಾರ್ಚ್ 17ರಂದು ಹುಟ್ಟಿದ ಡಿ.ವಿ. ಗುಂಡಪ್ಪನವರನ್ನು ನಾವು ಕವಿಯಾಗಿ, ತತ್ತ್ವಜ್ಞರಾಗಿ ನೆನೆಯುತ್ತೇವೆ. ಅವರು ಅನ್ನ ಸಂಪಾದಿಸಿದ್ದು ಪತ್ರಕರ್ತರಾಗಿ. 1908ರಲ್ಲಿ ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಮೇಲೆ ಕಟ್ಟುನಿಟ್ಟಿನ ಕಾನೂನು ತಂದು, ಪತ್ರಿಕೆ ನಡೆಸಲು ಸರಕಾರದ ಅಪ್ಪಣೆ ಬೇಕೆಂದಿತು. ಅದನ್ನು ಪ್ರತಿಭಟಿಸಿ ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಆ ಬಿಸಿ ಇನ್ನೂ ಆರಿರದ 1913ರಲ್ಲಿ ಡಿವಿಜಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಬೆಂಗಳೂರಿನಿಂದ ಹೊರಡಿಸಿದರು. ದಿವಾನ್ ವಿಶ್ವೇಶ್ವರಯ್ಯನವರು ಅವರನ್ನು ಮೆಚ್ಚುತ್ತಿದ್ದರು. ಆ ಮೆಚ್ಚುಗೆಯನ್ನು ಡಿವಿಜಿ ಹಣವಾಗಿ ಬದಲಿಸಿಕೊಳ್ಳಲಿಲ್ಲ. ಪತ್ರಿಕಾವೃತ್ತಿಯ ಧರ್ಮವನ್ನು ಕುರಿತು ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೇ ಬರೆದರು. ಮುಂದೆ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. 1970ರಲ್ಲಿ ನಾಡು ಸನ್ಮಾನಿಸಿ ಕೊಟ್ಟ ಹಮ್ಮಿಣಿಯನ್ನು ಆ ಸಂಸ್ಥೆಗೇ ಒಪ್ಪಿಸಿದರು. ತಮ್ಮ ಮನೆಯ ಬಡತನ ಹಾಗೆಯೇ ಇತ್ತು.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು ಸಂಸ್ಥಾನದ ದೊಡ್ಡ ಅಧಿಕಾರಿ. ತಮಗಿಂತ ಕಿರಿಯರನ್ನು ಮಂತ್ರಿ ಮಾಡಿದಾಗ 1943ರಲ್ಲಿ ಕೆಲಸ ಬಿಟ್ಟು ಬಂದರು. ಆಮೇಲೆ ಎರಡು ದಶಕ ‘ಜೀವನ’ ಮಾಸಪತ್ರಿಕೆಯನ್ನು ತಮ್ಮ ಹೊಣೆಯಲ್ಲಿ ಸಂಪಾದಿಸಿ ನಡೆಸಿದರು. 1983ರ ಜ್ಞಾನಪೀಠ ಎಲ್ಲರಿಗೂ ನೆನಪಿದೆ. ತಿಂಗಳು ತಿಂಗಳೂ ಲೇಖನ ಕೇಳಿ ತರಿಸಿ, ಪ್ರೂಫ್ ತಿದ್ದಿ, ಚಂದಾ ಲೆಕ್ಕ ನೋಡಿದ ಆ ವರ್ಷಗಳನ್ನೂ ನೆನೆಯಬೇಕು.

ಇವರಿಬ್ಬರ ಬಳಿ ಪ್ರೇಮ್‌ಜಿಯವರ ಸಂಪತ್ತು ಇರಲಿಲ್ಲ. ಇಬ್ಬರೂ ಪತ್ರಿಕೆಯ ನಷ್ಟವನ್ನು ತಮ್ಮ ಬದುಕಿನಿಂದ ತುಂಬಿದರು, ಓದುಗನ ಮೇಲಾಗಲಿ ಅಧಿಕಾರದ ಮೇಲಾಗಲಿ ಹಂಗು ಹೊರಿಸಲಿಲ್ಲ, ತಾವೂ ಹೊರಲಿಲ್ಲ. ಈ ನಿಲುವು ದೊಡ್ಡದು. ಆದರೆ ಒಂದು ಸಮಾಜ ತನ್ನ ಪತ್ರಕರ್ತರೆಲ್ಲ ಡಿವಿಜಿಯವರ ಹಾಗೆ ಬಡತನ ಸಹಿಸಲಿ ಎಂದು ಕಾಯುತ್ತ ಕೂರುವುದು ಸರಿಯಲ್ಲ. ಮಕ್ಕಳ ಶಾಲೆಯ ಫೀಸು ಕಟ್ಟಬೇಕಾದ, ಬಾಡಿಗೆ ಕೊಡಬೇಕಾದ ವರದಿಗಾರನಿಗೆ ನ್ಯಾಯವಾದ ಸಂಬಳ ಸಿಗಬೇಕು. ಆ ಸಂಬಳ ಬಾಯಿ ಕಟ್ಟುವಂಥದ್ದಾಗಬಾರದು. ಇಂಥ ಹಣವನ್ನು ಹೇಗೆ ಕೊಡಬಹುದು ಎಂಬುದಕ್ಕೆ ಬೆಂಗಳೂರಿನ ಆ ಟ್ರಸ್ಟ್ ಒಂದು ಮಾದರಿ ಹಾಕಿಕೊಟ್ಟಿದೆ.

ಜಿಲ್ಲೆಯ ಸುದ್ದಿ ಯಾರು ಬರೆಯಬೇಕು?

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು. 2023ರ ಡಿಸೆಂಬರಿನಲ್ಲಿ ಅದೇ ತಾಲ್ಲೂಕಿನ ಒಂದು ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನೇ ಶೌಚದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದರು. ಎರಡೂ ಸಂಗತಿ ಸುದ್ದಿಯಾದವು. ಸುದ್ದಿಯಾದದ್ದರಿಂದ ಪೊಲೀಸರು ಬಂದರು, ಅಧಿಕಾರಿಗಳು ಬಂದರು, ರಾಜ್ಯವೇ ತಿರುಗಿ ನೋಡಿತು. 2018ರಲ್ಲಿ ಕೆಸಿ ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದು, ಲಕ್ಷ್ಮೀಸಾಗರದ ಕೆರೆಯಲ್ಲಿ ನೊರೆ ಎದ್ದಾಗಲೂ ಹಾಗೆಯೇ. ನೊರೆಯ ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ನ್ಯಾಯಾಲಯದವರೆಗೂ ಪ್ರಶ್ನೆ ಹೋಯಿತು. ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಕಾರ್ಮಿಕರ ಸಿಟ್ಟು ಗಾಜು ಒಡೆದು ಹೊರಬಂದಾಗ ನಾಡಿನ ಕ್ಯಾಮೆರಾಗಳೆಲ್ಲ ಬಂದವು. ಅದಕ್ಕೆ ಮೊದಲು ಸಂಬಳದ ಚೀಟಿ ಹಿಡಿದು ಕೂತ ಹುಡುಗ, ಹುಡುಗಿಯರ ಮಾತನ್ನು ಕೇಳಿ ಬರೆಯಲು ಜಿಲ್ಲೆಯಲ್ಲಿ ಬಿಡುವಿದ್ದ ಒಬ್ಬ ವರದಿಗಾರ ಇದ್ದಿದ್ದರೆ, ಗಾಜು ಒಡೆಯುವವರೆಗೆ ಹೋಗುತ್ತಿತ್ತೇ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ತಾಲ್ಲೂಕು ಮಟ್ಟದ ವರದಿಗಾರರ ಸ್ಥಿತಿ ಬಲ್ಲವರಿಗೆ ಉತ್ತರ ಗೊತ್ತು. ಅನೇಕರು ಸಂಬಳದ ನೌಕರರಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಎಂಬ ಗೌರವಧನದ ಮೇಲಿದ್ದಾರೆ. ಹಬ್ಬಕ್ಕೆ, ನಾಯಕರ ಹುಟ್ಟುಹಬ್ಬಕ್ಕೆ ಜಾಹೀರಾತು ತರುವ ಹೊಣೆಯೂ ಅವರದೇ. ಬೆಳಗ್ಗೆ ಯಾರ ಬಳಿ ಜಾಹೀರಾತು ಕೇಳಿದರೋ ಸಂಜೆ ಅವರ ಕ್ವಾರಿಯ ಬಗ್ಗೆ, ಅವರು ಒತ್ತಿಕೊಂಡ ಗುಂಡುತೋಪಿನ ಬಗ್ಗೆ ಬರೆಯುವುದು ಹೇಗೆ? ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿಗೆ ಎರಡು ಸಾವಿರ ದಾಟಿದ 2023ರ ಜುಲೈನಲ್ಲಿ ಕೋಲಾರ ರಾಷ್ಟ್ರದ ಸುದ್ದಿ. ಅದೇ ಟೊಮೆಟೊ ರಸ್ತೆಗೆ ಸುರಿಯುವ ದಿನ ಒಂದು ಫೋಟೋ, ಎರಡು ಸಾಲು. ನಡುವಿನ ಕಥೆ, ಅಂದರೆ ಕಮಿಷನ್, ಸಾಲ, ಔಷಧಿ ಅಂಗಡಿಯ ಬಾಕಿ, ಬತ್ತಿದ ಬೋರ್‌ವೆಲ್, ಅದನ್ನು ಕೂತು ಬರೆಯುವವರಿಲ್ಲ.

ಸಿರಿವಂತರ ಹಣ ಪತ್ರಿಕೋದ್ಯಮಕ್ಕೆ ಬಂದರೆ ಅದೂ ಒಂದು ಹಂಗಲ್ಲವೇ ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. ಐಟಿ ಉದ್ಯಮದ ಹಣ ಪಡೆದ ಸಂಸ್ಥೆ ಐಟಿ ಉದ್ಯಮದ ತಪ್ಪನ್ನು ಅಷ್ಟೇ ಕಟುವಾಗಿ ಬರೆದೀತೇ ಎಂಬ ಅನುಮಾನ ಸದಾ ಎಚ್ಚರವಾಗಿರಬೇಕು. ಆ ಅನುಮಾನಕ್ಕೆ ಮದ್ದು ಹಣವನ್ನೇ ಬೇಡವೆನ್ನುವುದಲ್ಲ. ದಾನಿಗಳ ಹೆಸರು, ಕೊಟ್ಟ ಮೊತ್ತ ಓದುಗರಿಗೆ ಗೊತ್ತಿರಬೇಕು. ಒಬ್ಬರೇ ದೊಡ್ಡ ದಾನಿ ಆಗದೆ ಹತ್ತಾರು ಜನ ಸೇರಬೇಕು. ಹಂಚುವ ಮಂಡಳಿಯಲ್ಲಿ ಕೊಟ್ಟವರು ಕೂರಬಾರದು. ಅನುದಾನದ ಅವಧಿ ಮುಗಿಯುವುದರೊಳಗೆ ಓದುಗರ ಚಂದಾ ಮೇಲೆ ನಿಲ್ಲುವಂತೆ ಸಂಸ್ಥೆ ಬೆಳೆಯಬೇಕು. ಈ ನಾಲ್ಕು ಕಟ್ಟುಪಾಡು ಇದ್ದಲ್ಲಿ ಹಣಕ್ಕೆ ಸುದ್ದಿಯನ್ನು ತಿರುಚುವ ಬಲ ಬಹಳ ಮಟ್ಟಿಗೆ ಇಲ್ಲವಾಗುತ್ತದೆ.

ಇದೇ ಕಟ್ಟುಪಾಡಿನಲ್ಲಿ ಕೋಲಾರ ಜಿಲ್ಲೆಗೇ ಒಂದು ಸುದ್ದಿ ದತ್ತಿ ಏಕಾಗಬಾರದು? ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಕಂಪನಿಗಳಿಗೆ ಕೊರತೆಯಿಲ್ಲ. ಈ ಜಿಲ್ಲೆಯಿಂದ ಹೋಗಿ ಬೆಂಗಳೂರಿನಲ್ಲೂ ಹೊರದೇಶದಲ್ಲೂ ಸಾಫ್ಟ್‌ವೇರಿನಲ್ಲಿ ಗಳಿಸುತ್ತಿರುವವರು ಹಳ್ಳಿಹಳ್ಳಿಗೂ ಇದ್ದಾರೆ. ಊರ ಜಾತ್ರೆಗೆ, ದೇವಸ್ಥಾನದ ಗೋಪುರಕ್ಕೆ, ಶಾಲೆಯ ಕಾಂಪೌಂಡಿಗೆ ಅವರು ಕೈಬಿಚ್ಚಿ ಕೊಡುತ್ತಾರೆ. ತಾಲ್ಲೂಕಿಗೆ ಒಬ್ಬರಂತೆ ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಕೋಲಾರಗಳಿಗೆ ಸಂಬಳದ ವರದಿಗಾರರನ್ನು ನೇಮಿಸುವಷ್ಟು ಹಣ ಇಂಥ ನೂರಾರು ಜನ ಸೇರಿದರೆ ಕಷ್ಟವಲ್ಲ. ಅವರು ನೀರಾವರಿ ಇಲಾಖೆಯ ಕಡತ ಓದಲಿ, ಶಾಲೆಯ ಅಡುಗೆಮನೆಗೆ ಹೋಗಲಿ, ಮಾವಿನ ಮಂಡಿಯಲ್ಲಿ ಕೂರಲಿ, ಕನ್ನಡದಲ್ಲಿ ಬರೆಯಲಿ, ಜಿಲ್ಲೆಯ ಯಾವ ಪತ್ರಿಕೆ ಬೇಕಾದರೂ ಅದನ್ನು ಉಚಿತವಾಗಿ ಅಚ್ಚು ಹಾಕಿಕೊಳ್ಳಲಿ.

ಪ್ರೇಮ್‌ಜಿ ಅವರ ಬದುಕಿನಿಂದ ಕಲಿಯುವುದಕ್ಕೆ 1.45 ಲಕ್ಷ ಕೋಟಿ ರೂಪಾಯಿ ಬೇಕಿಲ್ಲ. ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿನ ಸತ್ಯಕ್ಕಾಗಿ ತೆಗೆದಿಡುವುದು, ತೆಗೆದಿಟ್ಟ ಮೇಲೆ ಅದು ಏನು ಬರೆಯಬೇಕೆಂದು ಹೇಳದಿರುವುದು, ಬರೆದದ್ದು ತಮ್ಮ ವಿರುದ್ಧವೇ ಇದ್ದರೂ ಮುಂದಿನ ವರ್ಷ ಮತ್ತೆ ಕೊಡುವುದು: ಇಷ್ಟು ಸಾಕು. ಮಕ್ಕಳ ತಟ್ಟೆಗೆ ಮೊಟ್ಟೆ ಬಂತೋ ಇಲ್ಲವೋ ಎಂದು ದಿನವೂ ಹೋಗಿ ನೋಡಿ ಬರೆಯುವ ಒಬ್ಬ ವರದಿಗಾರ ಪ್ರತಿ ತಾಲ್ಲೂಕಿನಲ್ಲಿ ಇದ್ದರೆ, ದಾನಿ ಹೋದ ಮೇಲೂ ಮೊಟ್ಟೆ ಉಳಿಯುತ್ತದೆ.